ಖಾಲಿ ಬಿಟ್ಟ ಸಂಬಳದ ಸಾಲು
ವಿಶೇಷ ಶಿಕ್ಷಣದ ಬಿ.ಎಡ್. ಮಾಡಲೇ ಎಂದು ಕೇಳಲು ನೆರೆಮನೆಯ ಹುಡುಗಿ ಮೊನ್ನೆ ಬಂದಿದ್ದಳು. ಕೈಯಲ್ಲೊಂದು ಚೀಟಿ. ಒಂದು ಕಡೆ ಫೀಸು, ಹಾಸ್ಟೆಲ್, ಬಸ್ ಪಾಸು. ಇನ್ನೊಂದು ಕಡೆ ‘ಸಂಬಳ’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು. ಖರ್ಚಿನಲ್ಲಿ ಅವಳು ಮರೆತದ್ದು ಎರಡು ವರ್ಷ ಕೈತಪ್ಪುವ ದುಡಿಮೆಯನ್ನು. ಕಾಲೇಜು ಆರಿಸುವ ಮೊದಲು ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ನೋಡು ಎಂದೆ. ಅಲ್ಲಿ ಹೆಸರು ನೋಂದಾಯಿಸದೆ ಈ ವೃತ್ತಿ ಮಾಡುವುದು 1992ರ ಕಾಯ್ದೆಯ ಪ್ರಕಾರ ಅಪರಾಧ. ಇನ್ನು ಆ ಖಾಲಿ ಜಾಗ. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ನಿಯಮವಿದೆ. ಕಾಯಂ ಹುದ್ದೆ ಸೃಷ್ಟಿಸಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಹುದ್ದೆ ಬರುವ ತನಕ ಗುತ್ತಿಗೆ, ಗೌರವಧನ. ಇದು ನನಗೆ ನೋವಿನ ಸಂಗತಿ, ಏಕೆಂದರೆ ಆ ಕೆಲಸವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂಬತ್ತು ವರ್ಷದ ಹುಡುಗನಿಗೆ ಅಂಗಿಯ ಗುಂಡಿ ಹಾಕಲು ಕಲಿಸಲು ಒಬ್ಬ ಟೀಚರ್ ಮೊದಲು ದಪ್ಪ ಬಟ್ಟೆಗೆ ಕೋಟಿನ ದೊಡ್ಡ ಗುಂಡಿ ಹೊಲಿದು ತಂದರು. ವಾರಗಟ್ಟಲೆ ಅದೇ ಗುಂಡಿ, ಅದೇ ತೂತು. ಕೊನೆಗೊಂದು ದಿನ ಅವನು ತನ್ನ ಅಂಗಿಯ ಮೇಲಿನ ಗುಂಡಿಯನ್ನು ತಾನೇ ಹಾಕಿಕೊಂಡ. ಅವನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಲ ಮಾಡದೆ ಓದಲಾಗುವುದಾದರೆ ಖಂಡಿತ ಸೇರು ಮಗಳೇ, ಅಂದೆ. ಸರ್ಕಾರ ಹುದ್ದೆಗಳನ್ನು ತುಂಬಲಿ, ಪೂರ್ಣ ವೇತನ ಕೊಟ್ಟೇ ತುಂಬಲಿ.