ಗಾಜಿನಾಚೆ ನಿಂತು ಅಳಬೇಡಿ, ಕನ್ನಡದಲ್ಲೇ ಕೇಳಿ!

ಕನ್ನಡದ ತರುಣರೇ, ನಿಮ್ಮಲ್ಲಿ ಹೊಸದಾಗಿ ಮದುವೆಯಾದವರಿದ್ದೀರಿ. ನಾಳೆಯೋ ನಾಳಿದ್ದೋ ಅಪ್ಪ-ಅಮ್ಮ ಆಗುವವರಿದ್ದೀರಿ. ಸ್ವಲ್ಪ ಕೇಳಿ.

ನಮ್ಮ ಗೆಳೆಯನೊಬ್ಬನ ಮಗು ಏಳೂವರೆ ತಿಂಗಳಿಗೇ ಹುಟ್ಟಿತು. ತೂಕ 1,400 ಗ್ರಾಂ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ. ಬಾಣಂತಿ ಮೇಲಿನ ವಾರ್ಡಿನಲ್ಲಿ, ಕೂಸು ಕೆಳಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇವನು ನಡುವಿನ ಮೆಟ್ಟಿಲ ಮೇಲೆ. ರಾತ್ರಿ ಎರಡಕ್ಕೆ ನಾಲ್ಕು ಪುಟದ ಇಂಗ್ಲಿಷ್ ಕಾಗದ ಹಿಡಿಸಿ "ಸೈನ್ ಮಾಡಿ" ಅಂದರು. ಬಿ.ಕಾಂ. ಓದಿದವನು. ಆದರೂ 'ಸರ್ಫ್ಯಾಕ್ಟಂಟ್' ಅಂದರೇನೆಂದು ಕೇಳಲು ನಾಚಿಕೆಪಟ್ಟು ಸಹಿ ಹಾಕಿದ. ದಿನ ತುಂಬದ ಕೂಸಿನ ಶ್ವಾಸಕೋಶ ಮುದುಡದಂತೆ ಕೊಡುವ ಔಷಧಿ ಅದು. ಇಷ್ಟು ಹೇಳಲು ಅರ್ಧ ನಿಮಿಷ ಬೇಕೇ?

ನಾಚಿಕೆ ಯಾಕ್ರೀ? ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಇದೆಯೇ ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ತಿಳಿಯದ ಭಾಷೆಯಲ್ಲಿ ತಿಳಿಸಿದರೆ ತಿಳಿಸಿದಂತಾಯಿತೇ ಸ್ವಾಮಿ?

ಮೂರು ದಿನ ಗಾಜಿನಾಚೆ ನಿಂತ. ನಾಲ್ಕನೇ ದಿನ ಹಾಸನದ ಕಡೆಯ ಹಳ್ಳಿಯಿಂದ ಅವನ ಅತ್ತೆ ಬಂದರು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ರೌಂಡ್ಸ್ ಮುಗಿಸಿ ಹೊರಟ ವೈದ್ಯರನ್ನೇ ತಡೆದು, "ಡಾಕ್ಟ್ರೇ, ನಮ್ ಕೂಸ್ನ ಮುಟ್ಬೋದಾ? ಅವ್ಳು ಹಾಲು ಹಿಂಡಿ ಕೊಡ್ಬೋದಾ?" ಅಂದರು. ವೈದ್ಯರು ನಿಂತರು. ಅಚ್ಚ ಕನ್ನಡದಲ್ಲಿ ಹೇಳಿದರು. ಅವರು ದಾವಣಗೆರೆಯವರಂತೆ! ಮೂರು ದಿನ ಇಬ್ಬರು ಕನ್ನಡಿಗರು ಇಂಗ್ಲಿಷಿನಲ್ಲಿ ತಡವರಿಸಿದ್ದರು.

ಮುಟ್ಟಬಹುದು. ಗಿಣ್ಣು ಹಾಲು ನಾಲ್ಕೇ ಹನಿ ಬಂದರೂ ಹಿಂಡಿ ಕೊಡಬೇಕು, ನಳಿಕೆಯಲ್ಲಿ ಹಾಕುತ್ತಾರೆ. ಬರಿ ಎದೆಗೆ ಬರಿ ಮೈ ತಾಗಿಸಿ ಅವುಚಿಕೊಳ್ಳುವ 'ಕಾಂಗರೂ' ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು. ಅಲ್ಲಿ ಇನ್‌ಕ್ಯುಬೇಟರುಗಳೇ ಸಾಲುತ್ತಿರಲಿಲ್ಲ. ಇಂಥ ಕೂಸುಗಳಿಗೆ ಹುಟ್ಟಿದೊಡನೆಯೇ ಅದನ್ನು ಶುರುಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಉಸಿರಾಟ ತೀರಾ ಕೆಟ್ಟಿದ್ದರೆ ಕಾಯಬೇಕು. ಅಪ್ಪನೂ ಅವುಚಿಕೊಳ್ಳಬಹುದು. ಮೀಸೆ ಅಡ್ಡ ಬರುವುದಿಲ್ಲ!

ಸಿಸ್ಟರುಗಳ ಮೇಲೆ ರೇಗಬೇಡಿ. ಎಲ್ಲಿಂದಲೋ ಬಂದ ಆ ಹೆಣ್ಣುಮಕ್ಕಳೇ ರಾತ್ರಿಯಿಡೀ ನಿಮ್ಮ ಕೂಸು ಕಾಯುವವರು. ಕನ್ನಡದಲ್ಲಿ ಕಾಗದ ಅಚ್ಚುಹಾಕಿಸದ ಆಡಳಿತದವರನ್ನು ಕೇಳಿ. ಇನ್ನು ಬಾಣಂತಿಗೆ "ಮೆಟ್ಟಿಲು ಹತ್ತಿದ್ದಕ್ಕೇ ಹೀಗಾಯ್ತು" ಎನ್ನುವ ನೆಂಟರಿದ್ದರೆ, ಕಾಫಿ ಕೊಟ್ಟು ಬಸ್ಸು ಹತ್ತಿಸಿ. ದುಡ್ಡಿನ ಚಿಂತೆಯೇ? ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಉಚಿತ ಚಿಕಿತ್ಸೆ ಕೊಡುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲೇ ಬಂದಿದೆ.

ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ದಿನಾ ಬೆಳಿಗ್ಗೆ ಕೇಳಿ ಬರೆದುಕೊಳ್ಳಿ: ಇವತ್ತು ತೂಕ ಎಷ್ಟು? ಉಸಿರು ತಾನೇ ಆಡುತ್ತಿದೆಯೇ? ಹಾಲು ಎಷ್ಟು ಎಂ.ಎಲ್. ಹೋಯಿತು? ನಮ್ಮ ಎದೆಗೆ ಯಾವಾಗ ಕೊಡುತ್ತೀರಿ?