ಪೇಂಟು ಹೊಸದು, ಎಂಜಿನ್ನು ಯಾರದು?

ಕಟ್ಟಿನಕೆರೆ ಮಾರುಕಟ್ಟೆ ಕಡೆಯ ದಿನಸಿ ಅಂಗಡಿಯವರೊಬ್ಬರು ಎರಡು ತಿಂಗಳ ಹಿಂದೆ ಇಲ್ಲೇ ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಮೂರೂವರೆ ಲಕ್ಷ. ಅರ್ಧ ಚೀಟಿ ದುಡ್ಡು, ಅರ್ಧ ಸಾಲ. ಹೊಳೆಯುವ ಪೇಂಟು, ಹೊಸ ಸೀಟು ಕವರು. ಹದಿನೈದನೇ ದಿನ ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೊರಟರು. ಇಳಿಯುವಾಗ ತಕರಾರಿಲ್ಲ. ವಾಪಸು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ವಯಸ್ಸಾದ ತಾಯಿಯೂ ಮಕ್ಕಳೂ ಮೂರು ಗಂಟೆ ರಸ್ತೆ ಬದಿಯಲ್ಲಿ ಕೂತರು. ಕಡೆಗೆ ಊರು ಸೇರಿದ್ದು ಕೆಂಪು ಬಸ್ಸಿನಲ್ಲಿ.

ಅಲ್ಲಿಂದ ಶುರುವಾಯಿತು ಗ್ಯಾರೇಜು ಯಾತ್ರೆ. ಒಬ್ಬರು ಥರ್ಮೋಸ್ಟಾಟ್ ಬದಲಿಸಿದರು, ಇನ್ನೊಬ್ಬರು ಫ್ಯಾನು, ಮತ್ತೊಬ್ಬರು ರೇಡಿಯೇಟರ್ ಮುಚ್ಚಳ. ಎಲ್ಲರದ್ದೂ ಒಂದೇ ಮಾತು: 'ಸರಿಹೋಯ್ತು, ತಗೊಂಡ್ಹೋಗಿ ಸಾರ್.' ಊರೊಳಗೆ ಓಡಿಸಿದರೆ ಏನೂ ಇಲ್ಲ. ಆದರೆ ದಿನಾ ಬೆಳಿಗ್ಗೆ ನೋಡಿದರೆ ನೀರು ಕಮ್ಮಿ. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರುವುದಿಲ್ಲ. ಹಾಗಾದರೆ ಹೋಗುತ್ತಿದ್ದುದೆಲ್ಲಿಗೆ?

ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್, ಎಂಜಿನ್ನು ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿದರು. ನೀರಿನಲ್ಲಿ ಗುಳುಗುಳು ಗುಳ್ಳೆ. ಆಯಿಲ್ ಕಡ್ಡಿ ಎಳೆದರೆ ಹಾಲು ಬೆರೆಸಿದ ಕಾಫಿ ಬಣ್ಣ. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸಿಲಿಂಡರಿಗೂ ಆಯಿಲ್ಲಿಗೂ ಸೇರುತ್ತಿತ್ತು. ಬಿಚ್ಚಿ ನೋಡಿದರೆ ಬೋಲ್ಟುಗಳ ಮೇಲೆ ಹಳೆಯ ಸ್ಪ್ಯಾನರ್ ಗುರುತು, ನೀರು ಓಡುವ ದಾರಿಯಲ್ಲಿ ಗಟ್ಟಿಯಾದ ಅಂಟು. ರೋಗ ಗೊತ್ತಿದ್ದೇ ಯಾರೋ ಸೋರಿಕೆ ಮುಚ್ಚುವ ದ್ರವ ಸುರಿದಿದ್ದಾರೆ. ಸುರಿದವರು ಹಿಂದಿನ ಮಾಲೀಕರೋ, ವ್ಯಾಪಾರಿಯೋ, ಅವರವರೇ ಹೇಳಬೇಕು.

ಕೇಳಲು ಹೋದರೆ ವ್ಯಾಪಾರಿಯ ಉತ್ತರ: 'ಓಡಿಸಿ ನೋಡಿ ತಾನೇ ತಗೊಂಡಿದ್ದು? ಹಳೇ ಗಾಡಿಗೆ ಗ್ಯಾರಂಟಿ ಎಲ್ಲಿಂದ ತರೋಣ?'

ಗ್ಯಾರಂಟಿ ಬೇಡ ಸ್ವಾಮಿ. ಟೈರು ಸವೆದಿದ್ದರೆ, ಸೀಟು ಹರಿದಿದ್ದರೆ ಕೊಂಡವರ ಪಾಡು ಎನ್ನೋಣ. ಆದರೆ 1930ರ ಸರಕು ಮಾರಾಟ ಕಾಯ್ದೆ ಈ 'ನೋಡಿ ತಗೊಂಡ್ರಿ' ಎಂಬ ಮಾತಿಗೂ ಒಂದು ಗಡಿ ಹಾಕಿದೆ. ಪರೀಕ್ಷೆ ಮಾಡಿದಾಗ ಕಾಣಬೇಕಿದ್ದ ದೋಷಕ್ಕೆ ಮಾತ್ರ ಆ ಮಾತು ನಡೆಯುತ್ತದೆ. ಎಂಜಿನ್ ಹೆಡ್ಡಿನ ಒಳಗಿನದು ದಿನಸಿ ಅಂಗಡಿಯವರ ಕಣ್ಣಿಗೆ ಕಂಡೀತೇ?

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ತೊಡಕಿರುವುದು ಬೇರೆ ಕಡೆ. ಇವರ ಕೈಲಿರುವ ಕಾಗದದಲ್ಲಿ ವ್ಯಾಪಾರಿಯ ಹೆಸರೇ ಇಲ್ಲ! 29, 30ನೇ ನಮೂನೆಗಳಲ್ಲಿ ಮಾರಿದವರೆಂದು ಸಹಿ ಹಾಕಿರುವುದು ಬೇರಾವುದೋ ಊರಿನವರು. ಅವರ ಮುಖವನ್ನೇ ಇವರು ಕಂಡಿಲ್ಲ. ವ್ಯಾಪಾರಿ 'ನಾವು ಬರೀ ಮಧ್ಯದವರು' ಅಂತಾನೆ. ರಸೀದಿ ಕೇಳಿದರೆ ನಗು.

ಇದನ್ನು ತಪ್ಪಿಸಲೆಂದೇ 2023ರ ಏಪ್ರಿಲ್ 1ರಿಂದ ಕೇಂದ್ರದ ನಿಯಮ ಬಂದಿದೆ. ಹಳೇ ಗಾಡಿ ವ್ಯಾಪಾರಿ ಆರ್.ಟಿ.ಓ. ಕಚೇರಿಯಿಂದ ಅಧಿಕೃತ ಪತ್ರ ಪಡೆಯಬೇಕು. ಮಾಲೀಕರು ಗಾಡಿಯನ್ನು ವ್ಯಾಪಾರಿಗೆ ಒಪ್ಪಿಸಿದ್ದನ್ನು ಕಚೇರಿಗೆ ತಿಳಿಸಬೇಕು. ಅಲ್ಲಿಂದ ಮುಂದೆ ಆ ಗಾಡಿಗೆ ವ್ಯಾಪಾರಿಯೇ ಮಾಲೀಕನೆಂದು ಲೆಕ್ಕ. ಈ ಪತ್ರ ಎಂಜಿನ್ನು ಗಟ್ಟಿಯಿದೆ ಎಂದು ಹೇಳುವುದಿಲ್ಲ, ನಿಜ. ಆದರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ಹೇಳುತ್ತದೆ.

ನಮ್ಮ ಆರ್.ಟಿ.ಓ. ಸಾಹೇಬರು ಜಿಲ್ಲೆಯಲ್ಲಿ ಈ ಪತ್ರ ಪಡೆದ ವ್ಯಾಪಾರಿಗಳ ಪಟ್ಟಿಯನ್ನು ಕಚೇರಿ ಬಾಗಿಲಿಗೆ ಅಂಟಿಸಲಿ. ಒಂದು ಹಾಳೆ, ನಾಲ್ಕು ಚುಕ್ಕೆ ಗೋಂದು. ಪಟ್ಟಿಯಲ್ಲಿಲ್ಲದವರ ಅಂಗಡಿಗೆ ಇನ್‌ಸ್ಪೆಕ್ಟರು ಒಂದು ಸುತ್ತು ಹೋಗಿ ಬರಲಿ.

ಗಾಡಿ ನೋಡಲು ಹೊರಟವರಿಗೆ ಆ ಮೆಕ್ಯಾನಿಕ್ ಹೇಳಿದ ಮಾತು: ಬೆಳಿಗ್ಗೆ ಹೇಳದೆ ಕೇಳದೆ ಹೋಗಿ, ಮೊದಲು ಬಾನೆಟ್ ಮುಟ್ಟಿ ನೋಡಿ. ಆಗಲೇ ಬಿಸಿಯಾಗಿದ್ದರೆ ಯಾಕೆಂದು ಕೇಳಿ. ಕೆಟ್ಟ ಮೇಲಾದರೆ, ರಿಪೇರಿಗೆ ಮುಂಚೆಯೇ ಫೋಟೋ ತೆಗೆಸಿ, ದೋಷ ಏನೆಂದು ಬರೆಸಿಟ್ಟುಕೊಳ್ಳಿ.

ದಿನಸಿ ಅಂಗಡಿಯವರ ಕಾರು ಹೆಡ್ ಬಿಚ್ಚಿದ ಸ್ಥಿತಿಯಲ್ಲಿ ಗ್ಯಾರೇಜಿನಲ್ಲೇ ನಿಂತಿದೆ. ಸಾಲದ ಕಂತು ಮಾತ್ರ ಪ್ರತಿ ತಿಂಗಳ 5ನೇ ತಾರೀಖು ತಪ್ಪದೆ ಕಟ್ಟಾಗುತ್ತಿದೆ.