ಗೋಹರ್‌ಬಾಯಿಯವರ ಮೇಲಿನ ಆರೋಪ ಮತ್ತು ನಮ್ಮ ಮೌನ

ಮಹಾಗಣಪತಿಯ ಕ್ಷೇತ್ರವೂ ಕೈಗಾರಿಕಾ ವಸಾಹತೂ ಆಗಿರುವ ಈ ರಾಂಜಣಗಾಂವದಲ್ಲಿ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ನನ್ನಂಥ ಕನ್ನಡಿಗರಿಗೆ ಮರಾಠಿ ಮಿತ್ರರ ರಂಗಪ್ರೀತಿ ಅಪರಿಚಿತವೇನಲ್ಲ. ಬಾಲಗಂಧರ್ವರ ಹೆಸರೆತ್ತಿದರೆ ಅವರ ಕಣ್ಣುಗಳು ಹನಿಗೂಡುತ್ತವೆ. ಗೌರವಿಸತಕ್ಕ ಭಾವವದು. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಆ ಬಾಯಿ ಬಂದಳು, ಗಂಧರ್ವರು ಮುಳುಗಿದರು! ಆ ಬಾಯಿ ಎಂದರೆ ಬಿಜಾಪುರ ಸೀಮೆಯ ಬೀಳಗಿಯ ಗಾಯಕ ನಟಿ ಗೋಹರ್‌ಬಾಯಿ ಕರ್ನಾಟಕಿ. ಈ ಆರೋಪವನ್ನು ನಾನು ಒಪ್ಪಲಾರೆ. ಅದಕ್ಕೆ ತಲೆದೂಗುವ ನಮ್ಮವರನ್ನಂತೂ ಕ್ಷಮಿಸಲಾರೆ.

ಇಸವಿಗಳನ್ನೇ ಕೇಳೋಣ. ಗಂಧರ್ವ ನಾಟಕ ಮಂಡಳಿ ಹುಟ್ಟಿದ್ದು 1913ರಲ್ಲಿ. 1921ರ ಹೊತ್ತಿಗಾಗಲೇ ಅದು ಸಾಲದ ಸುಳಿಯಲ್ಲಿತ್ತು. 1931ರಲ್ಲಿ ಬಂದ ಮಾತಿನ ಚಿತ್ರ ನಾಟಕ ಕಂಪನಿಗಳ ಪ್ರೇಕ್ಷಕರನ್ನು ಸೆಳೆದುಕೊಂಡಿತು. ಸ್ವತಃ ಗಂಧರ್ವರೇ 1935ರಲ್ಲಿ ಪ್ರಭಾತದ 'ಧರ್ಮಾತ್ಮಾ' ಚಿತ್ರದಲ್ಲಿ ಸಂತ ಏಕನಾಥರಾದರು. ಗೋಹರ್‌ಬಾಯಿ ಮಂಡಳಿಗೆ ಬಂದದ್ದು ಇದೆಲ್ಲದರ ತರುವಾಯ. 1888ರಲ್ಲಿ ಜನಿಸಿದ ಗಂಧರ್ವರಿಗೆ ಆಗ 50ರ ಆಸುಪಾಸು. ತರುಣಿಯ ವೇಷಕ್ಕೆ ದೇಹ ಒಲ್ಲೆನ್ನುವ ವಯಸ್ಸು. ಅವರದೇ ಗಾಯನಶೈಲಿಯನ್ನು ಕರಗತ ಮಾಡಿಕೊಂಡು ಆ ನಾಯಿಕೆಯರ ಪಾತ್ರಗಳನ್ನು ಹೊತ್ತವರು ಈಕೆ. 1951ರಲ್ಲಿ ಅವರ ವಿವಾಹವಾಯಿತು. ಕಾಲುಗಳ ಸ್ವಾಧೀನ ತಪ್ಪಿದ ಆ ಮುದಿ ಕಲಾವಿದನ ಜೊತೆಗೆ, 1964ರಲ್ಲಿ ತಾವು ಕಣ್ಮುಚ್ಚುವವರೆಗೂ ಇದ್ದರು. ಮುಳುಗಿಸಿದವರ ಲಕ್ಷಣವೇ ಇದು?

ಹಾಗಾದರೆ ಈ ದ್ವೇಷವೇಕೆ? ಆಕೆ ಹೆಣ್ಣು, ಮುಸಲ್ಮಾನಳು, ಸಾಲದ್ದಕ್ಕೆ ಪರಭಾಷೆಯವಳು. ಗಂಡು ಹೆಣ್ಣಾಗಿ ಹಾಡಿದರೆ ಗಂಧರ್ವ. ಹೆಣ್ಣು ಹೆಣ್ಣಾಗಿಯೇ ಹಾಡಿದರೆ ಮಾರಿ! ಅಭಿಮಾನದ ಹೆಸರಿನಲ್ಲಿ ನಡೆದ ಈ ಅನ್ಯಾಯಕ್ಕೆ ರಸಿಕತೆಯೆಂದು ಹೆಸರಿಡಲು ನಾನು ಸಿದ್ಧನಿಲ್ಲ.

ಇನ್ನು ನಮ್ಮ ಸರದಿ. 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂದು ನಾವು ಎದೆಯುಬ್ಬಿಸಿ ಹೇಳುತ್ತೇವೆ. ಕುಂದಗೋಳದ ಸವಾಯಿ ಗಂಧರ್ವರನ್ನೂ, ಅವರ ಸ್ಮರಣೆಯ ಉತ್ಸವವನ್ನು ಪುಣೆಯಲ್ಲಿ ಬೆಳೆಸಿದ ಭೀಮಸೇನ ಜೋಶಿಯವರನ್ನೂ ಮರೆಯುವುದಿಲ್ಲ. 'ಕಿಸ್ಮತ್' ಚಿತ್ರದ ಹಾಡುಗಳಿಂದಾಗಿ ಸಹೋದರಿ ಅಮೀರ್‌ಬಾಯಿಯವರ ನೆನಪೂ ಅಷ್ಟಿಷ್ಟು ಉಳಿದಿದೆ. ಗೋಹರ್‌ಬಾಯಿಯವರ ಸರದಿ ಬಂದಾಗ ಮಾತ್ರ ನಮ್ಮ ವೇದಿಕೆಗಳು ಗಂಟಲು ಸರಿಪಡಿಸಿಕೊಳ್ಳುತ್ತವೆ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ದಶಕಗಳ ಮೊದಲೇ ಆ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡು ಮಹಾರಾಷ್ಟ್ರದ ರಂಗದ ಮೇಲೆ ನಿಂತವರನ್ನು ನಮ್ಮವರೆನ್ನಲು ನಮಗೇಕೆ ಸಂಕೋಚ?

1968ರಲ್ಲಿ ಪುಣೆಯಲ್ಲಿ ಬಾಲಗಂಧರ್ವರ ಹೆಸರಿನ ರಂಗಮಂದಿರ ಎದ್ದಿತು. ಅದು ಯೋಗ್ಯವೇ, ನನ್ನ ತಕರಾರಿಲ್ಲ. ನನ್ನ ಬೇಡಿಕೆ ಚಿಕ್ಕದು. ಬರುವ ರಾಜ್ಯೋತ್ಸವದಲ್ಲಿ ನಮ್ಮ ಸಂಘ ಗೋಹರ್‌ಬಾಯಿಯವರ ಹೆಸರಿನಲ್ಲಿ ಒಂದು ಸಂಜೆ ನಾಟ್ಯಸಂಗೀತವನ್ನು ಏರ್ಪಡಿಸಲಿ. ಮೊದಲ ಸಾಲಿಗೆ ಮರಾಠಿ ಮಿತ್ರರನ್ನೇ ಆಹ್ವಾನಿಸಲಿ. ವಾದಿಸಬಯಸುವವರು ಮೇಲಿನ ಇಸವಿಗಳನ್ನು ಮುಂದಿಟ್ಟುಕೊಂಡು ವಾದಿಸಲಿ. ಉತ್ತರಿಸಲು ನಾನಿದ್ದೇನೆ.